ಏಣಿ ಹತ್ತದ ಪೈಪಕ್ಕ

ಇಪ್ಪತ್ತಾರು ವರ್ಷ ಬೀದಿಬೀದಿಯ ನಲ್ಲಿ ರಿಪೇರಿ ಮಾಡಿ ಪೈಪಕ್ಕ ಎನಿಸಿಕೊಂಡವಳು, ಮೊಣಕಾಲು ಕೈಕೊಟ್ಟ ಮೇಲೆ ಏಣಿ ಹತ್ತುವುದನ್ನು ಬಿಟ್ಟಿದ್ದಳು. "ಏಣಿ ಹತ್ತದೋಳು ಸೋಲಾರ್ ರಿಪೇರಿ ಮಾಡ್ತಾಳಂತೆ" ಎಂದು ಗಂಡಸು ಮೆಕ್ಯಾನಿಕ್‌ಗಳು ನಗುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಯ ಸೋಲಾರ್, ಬಿಸಿಲು ಸುಡುತ್ತಿದ್ದರೂ ಉಗುರುಬೆಚ್ಚಗಿನ ನೀರನ್ನೂ ಕೊಡುತ್ತಿರಲಿಲ್ಲ. ಇಬ್ಬರು ಮೆಕ್ಯಾನಿಕ್‌ಗಳು ಮೇಲೆ ಹತ್ತಿ ಗಾಜಿನ ಕೊಳವೆ ಒರೆಸಿದರು. ಮೂರನೆಯವನು, "ಟ್ಯಾಂಕೇ ಹೋಗಿದೆ, ನಾಳೆ ಬಿಚ್ಚಿ ಹೊಸದು ಹಾಕ್ತೀನಿ" ಎಂದು ಹೋದ. ಮೇಷ್ಟ್ರ ಸೊಸೆಗೆ ಮನಸ್ಸೊಪ್ಪಲಿಲ್ಲ. ಬೆಳಗಾಗುತ್ತಲೇ ಪೈಪಕ್ಕನನ್ನು ಕರೆಸಿದಳು.

ಪೈಪಕ್ಕ ನೇರ ಬಚ್ಚಲಿಗೆ ನಡೆದಳು. ಗುಂಡಿ ಒತ್ತಿದರಷ್ಟೇ ನೀರು ಬಿಡುವ ಹ್ಯಾಂಡ್ ಶವರಿನ ಬಾಯಿ ಮುಚ್ಚಿತ್ತು. ಅದಕ್ಕೆ ನೀರು ಬಿಡುವ ಬಿಸಿ, ತಣ್ಣನೆಯ ನಲ್ಲಿಗಳೆರಡೂ ತೆರೆದೇ ಇದ್ದವು.

"ಇವನ್ನ ಹೀಗೆ ಬಿಡೋರು ಯಾರು?"

"ನಾನೇ" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಒಂದ್ಸಲ ಹದ ಕೂಡಿಸಿಟ್ಟಿದೀನಿ. ದಿನಾ ತಿರುಗಿಸೋ ಗೋಜೇ ಇಲ್ಲ."

"ಅದೇ ಎಡವಟ್ಟು, ಮೇಷ್ಟ್ರೇ. ತಣ್ಣೀರಿಗೆ ಜೋರು ಜಾಸ್ತಿ. ಹೊರಗೆ ದಾರಿ ಇಲ್ದೆ ಬಿಸಿನೀರಿನ ಪೈಪಿಗೆ ನುಗ್ಗಿ ಮನೆಯೆಲ್ಲಾ ಓಡಾಡ್ತಿದೆ."

ಎರಡನ್ನೂ ಮುಚ್ಚಿ ಅಡುಗೆಮನೆಯ ನಲ್ಲಿ ತಿರುಗಿಸಿದಳು. ಒಂದು ಬಕೆಟ್ ತಣ್ಣೀರು ಹರಿದ ಮೇಲೆ ಹಬೆ ಎದ್ದಿತು. ಸೊಸೆ ಬೆರಳೊಡ್ಡಿ ಸರ್ರನೆ ಹಿಂದಕ್ಕೆಳೆದುಕೊಂಡಳು. ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

ಅಷ್ಟರಲ್ಲಿ ಮೂರನೆಯ ಮೆಕ್ಯಾನಿಕ್ ಹೆಗಲ ಮೇಲೆ ಏಣಿ ಹೊತ್ತು ಬೆವರುತ್ತ ಗೇಟು ದಾಟಿದ.

"ಏಣಿ ಅಲ್ಲೇ ಇಳಿಸಪ್ಪ" ಎಂದಳು ಪೈಪಕ್ಕ. "ಮುಖ ತೊಳ್ಕೊಂಡು ಹೋಗು. ಬಿಸಿನೀರು ಬರ್ತಿದೆ."