ನಾನು ನೀರು ಹಾಕಿದ ಮಗು

1979ರಲ್ಲಿ ನಾನು ತುಮಕೂರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಒಂದು ಮಧ್ಯಾಹ್ನ ಕುಣಿಗಲ್‌ನ ಮೇರಿ ಎಂಬಾಕೆಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಅಂಗೈಯಗಲದ ಹೆಣ್ಣು ಮಗು. ಉಸಿರು ನಿಂತು ನಿಂತು ಬರುತ್ತಿತ್ತು. ತಾಯಿಗೆ ಪ್ರಜ್ಞೆಯಿಲ್ಲ. ಬಸ್ ಕಂಡಕ್ಟರ್ ಆಗಿದ್ದ ತಂದೆ ಅಮೃತೂರಿನ ಕಡೆ ಡ್ಯೂಟಿಗೆ ಹೋಗಿದ್ದ. ನಮ್ಮ ಅಯ್ಯನವರು, ಅಂದರೆ ಪಾದ್ರಿಗಳು, ಗುಬ್ಬಿಯಲ್ಲಿದ್ದರು.

ಮಗು ಉಳಿಯುವಂತಿಲ್ಲ, ಪಾದ್ರಿ ಸಿಗುವಂತಿಲ್ಲ ಎಂದಾಗ ಯಾವ ಕ್ರೈಸ್ತರಾದರೂ ತಲೆಗೆ ನೀರು ಹಾಕಿ ಹೆಸರಿಟ್ಟು ದೀಕ್ಷಾಸ್ನಾನ ಕೊಡಬಹುದೆಂಬ ನಿಯಮ ನಮ್ಮಲ್ಲಿದೆ. ಕಾಯಿಸಿ ಆರಿಸಿದ ನೀರನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಹೇಳಬೇಕಾದ ಮಾತು ಹೇಳಿ ತಲೆಗೆ ಹಾಕಿದೆ. ಹೆಸರು ಯೋಚಿಸಲು ಪುರುಸೊತ್ತೆಲ್ಲಿ? ಬಾಯಿಗೆ ಬಂದದ್ದು ನಮ್ಮಮ್ಮನ ಹೆಸರು, ಕರುಣಾ.

ದೇವರ ದಯೆ, ಮಗು ಬದುಕಿತು. ಅದನ್ನು ವಾರಗಟ್ಟಲೆ ಹತ್ತಿಯಲ್ಲಿ ಸುತ್ತಿಟ್ಟು ಹನಿ ಹನಿಯಾಗಿ ಹಾಲು ಕುಡಿಸಿದವಳು ನಾನು. ನನಗೆ ಮದುವೆಯಾಗಿರಲಿಲ್ಲ, ಆಗುವ ಸೂಚನೆಯೂ ಇರಲಿಲ್ಲ. ಡಿಸ್ಚಾರ್ಜ್ ದಿನ ಮೇರಿ ಮಗುವನ್ನೆತ್ತಿಕೊಂಡು ಹೊರಟಾಗ ಕರುಳು ಕಿತ್ತುಬಂದಂತಾಯಿತು.

ಹೀಗೆ ತುರ್ತಿನಲ್ಲಿ ಸ್ನಾನವಾದ ಮಗುವನ್ನು ಆಮೇಲೆ ಚರ್ಚಿಗೆ ತಂದು ಸಭೆಯೆದುರು ಬರಮಾಡಿಕೊಳ್ಳಬೇಕು. ಸ್ನಾನ ಮಾಡಿಸಿದವರು ಯಾರು, ಯಾವುದರಿಂದ, ಯಾವ ಮಾತು ಹೇಳಿ ಎಂದು ಪಾದ್ರಿ ಕೇಳುತ್ತಾರೆ. ಉತ್ತರ ಸರಿಯಿದ್ದರೆ ಮತ್ತೆ ನೀರು ಹಾಕುವಂತಿಲ್ಲ, ಇಟ್ಟ ಹೆಸರೇ ಖಾಯಂ. ಅನುಮಾನ ಬಂದರೆ ಮಾತ್ರ ಹೊಸದಾಗಿ ಸ್ನಾನ.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಕುಣಿಗಲ್ ಚರ್ಚಿನಲ್ಲಿ ಈ ಬರಮಾಡಿಕೊಳ್ಳುವ ಆರಾಧನೆ ಇಟ್ಟುಕೊಂಡರು. ನನ್ನನ್ನೂ ಕರೆದಿದ್ದರು. ಹೋಗಿ ನೋಡಿದರೆ ಮಗು ಅದೇ ಮನೆಯಲ್ಲಿದ್ದ ಸೋದರತ್ತೆ ಲೀಲಾ ಟೀಚರ್ ತೋಳಿನಲ್ಲಿ. ಗಾಡ್‌ಮದರ್ ಆಗುವವಳೂ ಅವಳೇ. ಹೊಸ ರೇಷ್ಮೆ ಸೀರೆಯುಟ್ಟು ಮಗುವನ್ನು ಲಿಲ್ಲಿ, ಲಿಲ್ಲಿ ಎಂದು ಮುದ್ದಿಸುತ್ತಿದ್ದಳು. ಲಿಲ್ಲಿಯಂತೆ ಲಿಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು.

ಆರಾಧನೆಗೆ ಮುಂಚೆ ಆಕೆ ನನ್ನನ್ನು ಪಕ್ಕಕ್ಕೆ ಕರೆದಳು.

"ಸಿಸ್ಟರ್, ಆ ಗಡಿಬಿಡೀಲಿ ಏನು ಹೇಳಿದ್ನೋ ನೆನಪಿಲ್ಲ ಅಂದ್ಬುಡಿ. ಆಗ ಅಯ್ಯನವರು ಹೊಸದಾಗಿ ಮಾಡ್ತಾರೆ. ನಂಗೆ ಮಕ್ಕಳಿಲ್ಲ. ನಾನು ಎತ್ಕೊಂಡಿರೋವಾಗ ಒಂದ್ಸಲ ನೀರು ಬೀಳ್ಲಿ, ಅಷ್ಟೇ."

ಅವಳ ಕಣ್ಣಲ್ಲಿ ನೀರಿತ್ತು. ಕನಿಕರ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ನನ್ನ ಪಾಲಿಗೆ ಇದ್ದದ್ದು ನಾನು ಹಾಕಿದ ಆ ನೀರು, ಇಟ್ಟ ಆ ಹೆಸರು, ಅಷ್ಟೇ. ಮನೆ, ಮಡಿಲು, ಮುದ್ದು ಎಲ್ಲ ಅವಳದ್ದಾಗಿರುವಾಗ ಅದನ್ನೂ ಯಾಕೆ ಬಿಟ್ಟುಕೊಡಲಿ?

ಅಯ್ಯನವರು ಕೇಳಿದ ಕೂಡಲೇ ಎದ್ದು, ಬಾಗಿಲಲ್ಲಿ ನಿಂತವರಿಗೂ ಕೇಳುವಂತೆ ಹೇಳಿದೆ. "ನಾನೇ ಮಾಡ್ಸಿದ್ದು ಅಯ್ಯನವ್ರೇ. ನೀರಿನಿಂದ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಮಗು ಹೆಸರು ಕರುಣಾ."

ಅವರು ತಲೆಯಾಡಿಸಿ, ಮಗುವನ್ನು ಎತ್ತಿಹಿಡಿದು ಕರುಣಾ ಎಂದೇ ಸಭೆಗೆ ಸೇರಿಸಿಕೊಂಡರು. ಸಭೆಯೆಲ್ಲ ಎದ್ದು ನಿಂತು ಬರಮಾಡಿಕೊಂಡಿತು. ಲೀಲಾ ತಲೆ ತಗ್ಗಿಸಿದ್ದಳು. ಗೆದ್ದೆನೆಂದು ನನಗೆ ಖುಷಿಯೋ ಖುಷಿ.

ಆರಾಧನೆ ಮುಗಿದ ಮೇಲೆ ಜನರ ನಡುವೆ ನುಗ್ಗಿಕೊಂಡು ಹೋಗಿ ಎರಡೂ ಕೈ ಚಾಚಿದೆ. ಮಗು ನನ್ನ ಮುಖವನ್ನೇ ನೋಡಿ, ಕಿಟಾರನೆ ಕಿರುಚಿ, ಲೀಲಾಳ ಕತ್ತನ್ನು ಬಿಗಿಯಾಗಿ ಅಪ್ಪಿಕೊಂಡಿತು. ಅವಳು ಚುಚ್ಚಿ ಮಾತಾಡಿದ್ದರೂ ಸಹಿಸುತ್ತಿದ್ದೆ. ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಸಿಸ್ಟರ್, ನಿಮ್ಮ ಗುರುತಿಲ್ಲ ಅದಕ್ಕೆ" ಅಂದಳು.

ಮಗುವನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವವಳು ನರ್ಸ್, ಆದರೆ ಬದುಕಿಸಿ ಮನೆಯವರ ಕೈಗೆ ಕೊಟ್ಟಲ್ಲಿಗೆ ಅವಳ ಹಕ್ಕು ಮುಗಿಯಿತು. ಕೆಲಸ ಕಲಿಸಿದ ಈ ಪಾಠವನ್ನು ಎಷ್ಟೋ ಹೊಸ ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೆ. ನನಗೆ ಮಾತ್ರ ಅದು ಪೂರ್ತಿ ಹತ್ತಲಿಲ್ಲ. ಕುಣಿಗಲ್ ಕಡೆಯವರು ಯಾರಾದರೂ ಲೀಲಾ ಟೀಚರ್ ಸ್ವಂತ ಮಗಳ ಹಾಗೇ ಕರುಣಾ ಬೆಳೆದಳು ಎಂದರೆ, ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.