ಮಾತು ನಿಂತ ಕ್ಯಾಲೆಂಡರ್

ಒಂಬತ್ತು ವರ್ಷ ನಾನು ಒಂದು ಕ್ಯಾಲೆಂಡರನ್ನು ನೋಡಿಕೊಂಡೆ. ವೆಬ್‌ಸೈಟುಗಳಲ್ಲಿ ಫಾರ್ಮ್ ತುಂಬುವಾಗ ತಾರೀಕಿನ ಜಾಗ ಮುಟ್ಟಿದರೆ ತಿಂಗಳ ಒಂದು ಪುಟ್ಟ ಚೌಕ ತೆರೆದುಕೊಳ್ಳುತ್ತದಲ್ಲ, ಅದು. ಬಸ್ಸಿನ ಟಿಕೆಟ್ಟಿಗೆ, ಶಾಲೆಯ ಪ್ರವೇಶಕ್ಕೆ, ಡಾಕ್ಟರ ಅಪಾಯಿಂಟ್‌ಮೆಂಟಿಗೆ ಜನ ಅದನ್ನು ದಿನವೂ ಒತ್ತುತ್ತಾರೆ. ಅದನ್ನು ಯಾರೋ ಒಬ್ಬರು ಬರೆದಿರುತ್ತಾರೆ ಎಂದು ಯಾರೂ ಯೋಚಿಸುವುದಿಲ್ಲ. ಯೋಚಿಸಬೇಕಾಗಿಯೂ ಇಲ್ಲ.

ಮೊದಲು ಬರೆದದ್ದು ನಾನೇ, ಆಫೀಸಿನ ಯಾವುದೋ ಕೆಲಸ ಮುಗಿದ ಮೇಲೆ, ನನ್ನ ಸಮಾಧಾನಕ್ಕೆ. ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟೆ. ನೋಡುತ್ತಿದ್ದಂತೆ ಕಾಣದ ಊರುಗಳ ಜನ ಬಳಸತೊಡಗಿದರು. ಕೆಲವರು ತಪ್ಪು ಹುಡುಕಿ ಹೇಳಿದರು, ಇನ್ನು ಕೆಲವರು ತಾವೇ ತಿದ್ದಿ ಕಳಿಸಿದರು. ಹೀಗೆ ಅದೊಂದು ಯೋಜನೆಯಾಯಿತು, ನಾನು ಅದರ ಮುಖ್ಯಸ್ಥೆಯಾದೆ. ಮುಖ್ಯಸ್ಥೆ ಎಂದರೆ ದೊಡ್ಡ ಮಾತು. ಶನಿವಾರ ಬೆಳಿಗ್ಗೆ ಮುಲುಂಡಿನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ದೂರುಗಳನ್ನು ಓದುವುದು, ಬೇರೆಯವರು ಕಳಿಸಿದ ತಿದ್ದುಪಡಿಗೆ ಹೂಂ ಅಥವಾ ಉಹೂಂ ಅನ್ನುವುದು, ತಿಂಗಳು ಎರಡು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುವುದು. ಅವ್ವ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಧಾರವಾಡ ಬಿಟ್ಟು ಮೂವತ್ತೈದು ವರ್ಷವಾದರೂ ಅವಳ ಮಾತು ಬದಲಾಗಿರಲಿಲ್ಲ.

"ಪಗಾರಿಲ್ಲ ಏನಿಲ್ಲ, ಯಾರ ಸಲುವಾಗಿ ಇಷ್ಟು ಬಡಕೋತಿ ನೀ?" ಎಂದು ಕೇಳುತ್ತಿದ್ದಳು. ನಾನು ನಗುತ್ತಿದ್ದೆ. 

ಮೂರನೆಯ ವರ್ಷ ಒಂದು ಪತ್ರ ಬಂತು. ಹಳೆಯ ಕಾಲದ ಆಫೀಸಿನ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಬರೆದದ್ದು. ನಾನು ಹುಟ್ಟಿದ ಮೂರನೆಯ ವರ್ಷಕ್ಕೆ ಜ್ವರದಲ್ಲಿ ಕಣ್ಣು ಕಳೆದುಕೊಂಡವನು, ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತನಾದವನು, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್ ಇಟ್ಟುಕೊಂಡು ಕಂಪ್ಯೂಟರ್ ಬಳಸುತ್ತೇನೆ. ಎಲ್ಲವೂ ನನ್ನ ಹತ್ತಿರ ಮಾತಾಡುತ್ತದೆ, ನಿಮ್ಮ ಕ್ಯಾಲೆಂಡರ್ ಮಾತ್ರ ಮಾತಾಡುವುದಿಲ್ಲ ಎಂದು ಬರೆದಿದ್ದರು. ಕೆಳಗೆ ಜೋಗೇಶ್ವರಿಯ ವಿಳಾಸ, ಫೋನ್ ನಂಬರ್ ಇತ್ತು. ಹೆಸರು ನೋಡಿದರೆ ಉಡುಪಿ ಕಡೆಯವರು. ಉತ್ತರದ ಕೊನೆಗೆ, ತಮಗೆ ಕನ್ನಡ ಬರುತ್ತದೆಯೇ ಎಂದು ಕೇಳಿದೆ.

ಆ ಭಾನುವಾರ ಅವರೇ ಫೋನ್ ಮಾಡಿದರು. ಟೆಲಿಫೋನಿನಲ್ಲಿ ಮೂವತ್ತು ವರ್ಷ ಮಾತಾಡಿದವರ ಸ್ವರ, ಒಂದು ಅಕ್ಷರವೂ ನುಂಗದ ಸ್ವರ. ಮನೆಯಲ್ಲಿ ತುಳುವಂತೆ, ಕನ್ನಡ ಪೇಪರನ್ನು ಹೆಂಡತಿ ಓದಿ ಹೇಳುತ್ತಾರಂತೆ. ಅವರ ಹಿಂದೆ ಯಾವುದೋ ಯಂತ್ರ ಒಂದೇ ಸಮನೆ ಧಡ್ ಧಡ್ ಎನ್ನುತ್ತಿತ್ತು. ಪಕ್ಕದ ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಶೆಡ್ಡಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮಾಡುತ್ತಾರೆ, ಭಾನುವಾರವೂ ರಜೆ ಇಲ್ಲ ಎಂದರು.

ತಾರೀಕು ಆರಿಸುವುದು ಅಷ್ಟು ದೊಡ್ಡ ತೊಂದರೆಯೇ ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಸಣ್ಣ ಕೆಲಸವೇ. ಆದ್ರೆ ಹೆಂಡತಿಗೆ ಇಂಗ್ಲಿಷ್ ಬರುದಿಲ್ಲ, ಆ ಸಣ್ಣ ಕೆಲಸಕ್ಕೆ ನಾನು ಪಕ್ಕದ ಮನೆಯವರನ್ನು ಕರೀಬೇಕಾಗ್ತದೆ" ಎಂದರು.

ಎರಡು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಒಂದೊಂದು ಕೀ ಒತ್ತಿದಾಗ ಏನು ಕೇಳಬೇಕು, ಯಾವುದು ಮೊದಲು, ವಾರವೋ ತಾರೀಕೋ, ಎಷ್ಟು ಹೇಳಿದರೆ ಹೆಚ್ಚಾಯಿತು, ಎಲ್ಲ ಅವರೇ ಕಲಿಸಿದರು. ಬಲಬಾಣ ಒತ್ತಿದರೆ ಒಂದು ದಿನ, ಕೆಳಬಾಣ ಒತ್ತಿದರೆ ಒಂದು ವಾರ ಮುಂದೆ ಹೋಗಬೇಕು ಎಂದು ಹಟ ಹಿಡಿದವರೂ ಅವರೇ. ಕಡೆಗೆ ಒಂದು ದಿನ ಅವರ ಕಂಪ್ಯೂಟರ್ "ಮಂಗಳವಾರ, ಹದಿನಾಲ್ಕು" ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಫೋನಿನಲ್ಲೇ ನನಗೆ ಕೇಳಿಸಿತು. ಅವರು ಇಡೀ ವರ್ಷವನ್ನು ವಾರ ವಾರವಾಗಿ ದಾಟಿ ಡಿಸೆಂಬರ್ ಕೊನೆಯವರೆಗೂ ಹೋದರು. ನಾನು ಫೋನ್ ಹಿಡಿದು ಕೂತೇ ಇದ್ದೆ.

ಅಲ್ಲಿಂದ ಅವರು ನಮ್ಮವರಾದರು. ನಾನು ನಮ್ಮ ಕಡೆಯ ರೂಢಿಯಂತೆ ಕಾಕಾ ಎಂದು ಕರೆದೆ. ಪ್ರತಿ ಹೊಸ ಆವೃತ್ತಿ ಮೊದಲು ಅವರಿಗೆ ಹೋಗುತ್ತಿತ್ತು. ಎರಡು ಮೂರು ದಿನ ಕಿವಿಗೊಟ್ಟು ಕೇಳಿ, ಸರಿಯಿದೆ, ಇಲ್ಲಿ ಇಲ್ಲ ಎಂದು ಬರೆಯುತ್ತಿದ್ದರು. ಯೋಜನೆಯ ಉಳಿದವರೂ, ಪರದೇಶದಲ್ಲಿದ್ದವರೂ, ಕಾಕಾ ಹೂಂ ಅಂದರೇ ಎಂದು ಕೇಳಿಯೇ ಮುಂದುವರಿಯುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಜೋಗೇಶ್ವರಿಗೆ ಹೋಗಲಿಲ್ಲ. ಹೋಗೋಣ ಎಂದುಕೊಳ್ಳುತ್ತಲೇ ಇದ್ದೆ.

ಎಂಟನೆಯ ವರ್ಷ, ಪರದೇಶದ ನಮ್ಮ ಸ್ವಯಂಸೇವಕನೊಬ್ಬ ನಾಲ್ಕು ತಿಂಗಳು ಕೂತು ಕ್ಯಾಲೆಂಡರಿನ ರೂಪವನ್ನೇ ಬದಲಿಸಿದ. ಬಹಳ ಚೆಂದವಿತ್ತು. ಅದೇ ಹೊತ್ತಿಗೆ ಆಸ್ಪತ್ರೆಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡುವ ಒಂದು ದೊಡ್ಡ ಕಂಪನಿ, ಸೋಮವಾರದೊಳಗೆ ಹೊಸದು ಬಂದರೆ ತಮ್ಮ ಮುಂದಿನ ಆವೃತ್ತಿಗೆ ಸೇರಿಸುತ್ತೇವೆ, ನಿಮ್ಮ ಯೋಜನೆಯ ಹೆಸರನ್ನೂ ಹಾಕುತ್ತೇವೆ ಎಂದಿತು. ಯಾರಿಗೂ ಕಾಣದ ಕೆಲಸ ಮಾಡಿ ಮಾಡಿ, ಒಮ್ಮೆಯಾದರೂ ಕಾಣಲಿ ಎಂಬ ಆಸೆ ನನಗೆ ಬಂದಿತ್ತು. ಇದನ್ನು ಮುಚ್ಚಿಡುವುದಿಲ್ಲ.

ಗುರುವಾರ ಕಾಕಾಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. ಅವರು ಔಷಧ ತರಲು ಹೋಗಿದ್ದಾರೆ, ತನಗೆ ಸ್ವಲ್ಪ ಹುಷಾರಿಲ್ಲ, ಕುತ್ತಿಗೆಯಲ್ಲಿ ಎಂತದೋ ಗಂಟು ಎಂದರು, ನೆಗಡಿಯ ಸುದ್ದಿ ಹೇಳುವ ಹಾಗೆ. ಜೋಪಾನ ಎಂದೆ. ಮತ್ತೇನೂ ಕೇಳಲಿಲ್ಲ. ಅವರಿಗೇ ಕಷ್ಟ ಇರುವಾಗ ಇದನ್ನೆಲ್ಲಿ ಹೇರುವುದು ಎಂದು ನನಗೆ ನಾನೇ ಹೇಳಿಕೊಂಡೆ. ಕಂಪ್ಯೂಟರ್ ತಾನೇ ಮಾಡುವ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಶುಕ್ರವಾರ ಸಂಜೆ ಆಫೀಸಿನಿಂದ ಹೊರಡುವ ಮುಂಚೆ ಆವೃತ್ತಿ ಬಿಟ್ಟೆ.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹೆಂಡತಿಯ ಆರೈಕೆಯಲ್ಲಿರಬೇಕು ಎಂದುಕೊಂಡೆ. ಮೂರು ವಾರದ ಮೇಲೆ ಬೇರೆ ಯಾವುದೋ ದೇಶದ ಒಬ್ಬಾಕೆ, ಹೊಸ ಕ್ಯಾಲೆಂಡರ್ ತಾರೀಕನ್ನು ಹೇಳುತ್ತಿಲ್ಲ ಎಂದು ದೂರು ಕಳಿಸಿದಳು. ನಾನು ಓದುವ ಸಾಫ್ಟ್‌ವೇರ್ ಹಾಕಿಕೊಂಡು, ಕಣ್ಣು ಮುಚ್ಚಿ ಬಾಣದ ಕೀ ಒತ್ತಿದೆ. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದೆ. ಕಣ್ಣು ತೆರೆದು ನೋಡಿದರೆ ಕೆಳಬಾಣಕ್ಕೆ ವಾರದ ಬದಲು ತಿಂಗಳೇ ದಾಟುತ್ತಿತ್ತು. ರೂಪ ಬದಲಿಸುವಾಗ ಅದೂ ಬದಲಾಗಿತ್ತು, ನಾನು ಓದಿ ಒಪ್ಪಿದ ಸಾಲುಗಳಲ್ಲೇ.

ಎರಡು ದಿನದಲ್ಲಿ ಸರಿಮಾಡಿ ಹೊಸದು ಬಿಟ್ಟೆ. ಕಾಕಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ. ಆ ಭಾನುವಾರ ಘಾಟ್ಕೋಪರದಲ್ಲಿ ಲೋಕಲ್ ಇಳಿದು, ಮೆಟ್ರೋ ಹಿಡಿದು ಅಂಧೇರಿಗೆ ಹೋಗಿ, ಅಲ್ಲಿಂದ ಮತ್ತೊಂದು ಲೋಕಲ್‌ನಲ್ಲಿ ಜೋಗೇಶ್ವರಿಗೆ ಹೋದೆ. ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಮುಚ್ಚಳ ಮಾಡುವ ಗಾಳಾ ಕೇಳಿದೆ, ಯಾರೋ ಕೈ ತೋರಿಸಿದರು. ಅದಕ್ಕೆ ಅಂಟಿಕೊಂಡ ಚಾಳಿನ ಎರಡನೆಯ ಖೋಲಿ.

ಕಾಕಾ ಮಂಚದ ತುದಿಯಲ್ಲಿ ಕೂತಿದ್ದರು. ನಾನು ಊಹಿಸಿದ್ದಕ್ಕಿಂತ ಸಣ್ಣ ಆಳು. ಸ್ವರ ಮಾತ್ರ ಅದೇ. ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿತ್ತು. ಹೆಂಡತಿ ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಎದ್ದು, "ಬನ್ನಿ ಅಮ್ಮ, ಫೋನಲ್ಲಿ ಕೇಳಿದ ಸ್ವರ, ಈಗ ಮುಖ ನೋಡಿದ ಹಾಗಾಯ್ತು" ಎಂದು ಚಾ ಇಡಲು ಹೋದರು. ಅಡುಗೆ ಕಟ್ಟೆ ಅಲ್ಲೇ, ನಾಲ್ಕು ಹೆಜ್ಜೆ ದೂರ. ಅಲ್ಲಿಂದಲೇ ಮಾತಾಡಿದರು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಕಾಕಾ ಮನೆಯಿಂದಲೇ ಕಂಪ್ಯೂಟರಿನಲ್ಲಿ ಬುಕ್ ಮಾಡಿದರಂತೆ. ಹೇಳಿದ ಮಂಗಳವಾರ ಇಬ್ಬರೂ ರಿಕ್ಷಾ ಮಾಡಿಕೊಂಡು ಹೋದರೆ, ನಿಮ್ಮ ತಾರೀಕು ಇವತ್ತಲ್ಲ, ಮುಂದಿನ ತಿಂಗಳದ್ದು ಎಂದರಂತೆ. ಮೊಬೈಲಿಗೆ ಬಂದ ಮೆಸೇಜಿನಲ್ಲಿ ನಂಬರ್ ಮಾತ್ರ ಇತ್ತು, ತಾರೀಕು ಇರಲಿಲ್ಲ. ಬೇಡಿಕೊಂಡರೂ ಬೇರೆ ದಿನ ಖಾಲಿ ಇರಲಿಲ್ಲ. ಕಾಯುತ್ತಿದ್ದೇವೆ, ಇನ್ನು ಒಂಬತ್ತು ದಿನ ಎಂದರು.

"ಇವರಿಗೂ ವಯಸ್ಸಾಯ್ತಲ್ಲ, ಕೈ ತಪ್ಪಿ ಯಾವುದೋ ಒತ್ತಿದ್ರು" ಎಂದು ಅವರು ಪಾತ್ರೆಯ ಕಡೆ ತಿರುಗಿದರು.

ಆಸ್ಪತ್ರೆಯ ಬುಕಿಂಗ್ ಎಂದ ಕೂಡಲೇ ನಮ್ಮ ಹೊಸ ಕ್ಯಾಲೆಂಡರ್ ಸೇರಿಸಿಕೊಂಡ ಆ ದೊಡ್ಡ ಕಂಪನಿ ನೆನಪಾಯಿತು. ಕಾಕಾನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ, "ಕಾಕಾ, ಅದು ನಿಮ್ಮ ಕೈ ತಪ್ಪಿದ್ದಲ್ರೀ. ನನ್ನ ತಪ್ಪು."

"ಗೊತ್ತುಂಟು." ಅವರೂ ದನಿ ತಗ್ಗಿಸಿದರು. "ಬಂದ ಮೇಲೆ ಪುನಃ ಕೂತು ನೋಡಿದೆ. ಕೆಳಗಿನ ಬಾಣ ತಿಂಗಳಿಗೆ ಹೋಗ್ತದೆ ಅಂತ ಲೆಕ್ಕ ಹಾಕಿಯೇ ಗೊತ್ತಾಯ್ತು."

"ಹೇಳಬೇಕಿತ್ತಲ್ಲರೀ."

ಗೋಡೆಯ ಆಚೆ ಯಂತ್ರ ಬಡಿಯುತ್ತಲೇ ಇತ್ತು.

"ಬೇರೆ ಕ್ಯಾಲೆಂಡರ್ ಆಗಿದ್ರೆ ಮಾತು ನಿಂತ ಕೂಡ್ಲೇ ಯಾರನ್ನಾದ್ರೂ ಕರೀತಿದ್ದೆ. ಕಂಪ್ಯೂಟರ್ ಎಂತದೋ ನಿಧಾನ ಆಗಿದೆ, ಇದು ನಮ್ಮದಲ್ವಾ, ಒಂದು ಸಲ ಕೆಳಗೆ ಒತ್ತಿದ್ರೆ ಒಂದು ವಾರ ಅಂತ ಕಣ್ಣು ಮುಚ್ಚಿ ನಂಬಿದೆ." ಕುರುಡರೊಬ್ಬರು ಆ ಮಾತನ್ನು ಸಹಜವಾಗಿ ಆಡಿದರು. ಆಮೇಲೆ, "ಅವಳಿಗೆ ನಾನೇ ತಪ್ಪಿದ್ದು ಅಂತ ಹೇಳಿದ್ದೇನೆ. ಹಾಗೇ ಇರ್ಲಿ. ನಿಮ್ಮ ಕ್ಯಾಲೆಂಡರಿನದ್ದು ಅಂತ ಗೊತ್ತಾದ್ರೆ ಅವಳು ಇನ್ನು ಈ ಕಂಪ್ಯೂಟರನ್ನು ಮುಟ್ಲಿಕ್ಕೆ ಬಿಡುದಿಲ್ಲ. ಮನೆಯ ಕೆಲಸ ಎಲ್ಲ ನನಗೆ ಅದರಲ್ಲೇ ಆಗ್ಬೇಕು" ಎಂದರು.

ಚಾ ಬಂತು. ಜೊತೆಗೆ ಒಂದು ತಟ್ಟೆಯಲ್ಲಿ ಚಕ್ಕುಲಿ. ಆಕೆ ನನ್ನ ಮದುವೆಯ ಬಗ್ಗೆ, ಅವ್ವನ ಮಂಡಿ ನೋವಿನ ಬಗ್ಗೆ ಕೇಳಿದರು. ನಾನು ಉತ್ತರ ಹೇಳುತ್ತ ಚಾ ಕುಡಿದೆ. ಹೇಳಬೇಕಾದ್ದನ್ನು ಹೇಳಲು ಬಾಯಿ ಬರಲಿಲ್ಲ. ಕಾಕಾನ ಮಾತು ಉಳಿಸಲು ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ನನಗೆ ಹೆದರಿಕೆಯಾಗಿತ್ತು. ಕಾಕಾ ಹಾಗೇ ಇರಲಿ ಎಂದಾಗ ಒಳಗೆಲ್ಲೋ ಹಗುರವೂ ಆಗಿತ್ತು.

ಬಾಗಿಲವರೆಗೆ ಗೋಡೆ ಹಿಡಿದು ಬಂದ ಕಾಕಾ, ಇನ್ನು ಪರೀಕ್ಷೆಗೆ ಕಳಿಸಬೇಡಿ, ಮನೆಯಲ್ಲಿ ಕೆಲಸ ಉಂಟು ಎಂದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸ್ಕ್ಯಾನ್ ಆದಾಗ ರೋಗ ಕುತ್ತಿಗೆ ದಾಟಿತ್ತು. ಆಫೀಸಿನ ಗೆಳತಿಯೊಬ್ಬಳ ಗಂಡ ಡಾಕ್ಟರು. ಮೂರು ವಾರದಿಂದ ವ್ಯತ್ಯಾಸವಾಗುತ್ತದೆಯೇ ಎಂದು ಅವರನ್ನು ಕೇಳಿದೆ, ಯಾರ ವಿಷಯವೆಂದು ಹೇಳದೆ. ಸಾಮಾನ್ಯವಾಗಿ ಇಲ್ಲ ಎಂದರು. ಆ 'ಸಾಮಾನ್ಯವಾಗಿ'ಯನ್ನು ಹಿಡಿದುಕೊಂಡು ನಾನು ಬಹಳ ದಿನ ಆಫೀಸಿಗೆ ಹೋಗಿ ಬಂದೆ.

ಯೋಜನೆಯವರಿಗೆಲ್ಲ ನಡೆದದ್ದನ್ನು ಯಾರ ಗುರುತೂ ಹೇಳದೆ ಬರೆದೆ. ಕಣ್ಣಿಲ್ಲದವರೊಬ್ಬರು ಬಳಸಿ ನೋಡದೆ ಇನ್ನು ಮುಂದೆ ಏನೂ ಹೊರಗೆ ಹೋಗುವುದಿಲ್ಲ ಎಂದು ನಿಯಮ ಮಾಡಿದೆ. ಹೊಸ ರೂಪ ಮಾಡಿದವನಿಗೆ ಅದು ತನ್ನ ಮೇಲೆ ಎತ್ತಿದ ಬೆರಳು ಎನಿಸಿತು. ಒಪ್ಪಿದ್ದು ನಾನು, ತಪ್ಪು ನನ್ನದು ಎಂದು ಎರಡು ಸಲ ಬರೆದರೂ ಅವನು ದೂರವಾದ. ಆ ದೊಡ್ಡ ಕಂಪನಿ, ನಮಗೆ ಇಷ್ಟು ನಿಧಾನ ಸಾಧ್ಯವಿಲ್ಲ ಎಂದು ನಮ್ಮ ಕೋಡಿನ ಒಂದು ಪ್ರತಿ ತೆಗೆದುಕೊಂಡು ತನ್ನ ದಾರಿ ಹಿಡಿಯಿತು. ಹಾಗೆ ಮಾಡಲು ಅವರಿಗೆ ಹಕ್ಕಿತ್ತು. ನಾನೇ ಕೊಟ್ಟ ಹಕ್ಕು. ಹೊಸ ಪರೀಕ್ಷಕರನ್ನು ಹುಡುಕಿದೆ. ಇಬ್ಬರು ಬಂದರು, ಕೆಲವು ತಿಂಗಳಿದ್ದರು, ಹೋದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಕಾಕಾನ ಹೆಂಡತಿ ತೀರಿಕೊಂಡರು. ಕಾಕಾ ತಾವೇ ಫೋನ್ ಮಾಡಿ ಹೇಳಿದರು, ಒಂದು ಅಕ್ಷರವೂ ನುಂಗದೆ. ನಾನು ಹೋದಾಗ ಖೋಲಿಯ ತುಂಬ ಜನ, ಹೊಟೇಲುಗಳಲ್ಲಿ ಕೆಲಸ ಮಾಡುವ ಅವರ ಊರಿನವರು. ಕಂಪ್ಯೂಟರಿನಲ್ಲಿ ತಮಗೆ ಸಹಾಯ ಮಾಡಿದವರು ಎಂದು ಕಾಕಾ ನನ್ನನ್ನು ಅವರಿಗೆ ಪರಿಚಯಿಸಿದರು. ಯಾರೋ ಕುರ್ಚಿ ಬಿಟ್ಟುಕೊಟ್ಟರು. ನಾನು ಕೂತೆ. ಆಕೆಗೆ ಕೊನೆಯವರೆಗೂ ಗಂಡನ ಕೈ ತಪ್ಪಿತು ಎಂದೇ ಗೊತ್ತಿತ್ತು. ಅದನ್ನು ಇನ್ನು ಯಾರೂ ತಿದ್ದುವ ಹಾಗಿಲ್ಲ.

ಕಾಕಾ ಈಗ ಮೀರಾ ರೋಡಿನಲ್ಲಿ ಅಣ್ಣನ ಮಗನ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಫೋನ್ ಮಾಡುತ್ತೇನೆ. ಹೆಂಗದೀರಿ ಎಂದರೆ, ಆರಾಮ ಎನ್ನುತ್ತಾರೆ. ಅವ್ವನನ್ನು ಕೇಳುತ್ತಾರೆ. ಬಾಣದ ಕೀಗಳ ಮಾತು ನಾನೂ ತೆಗೆಯುವುದಿಲ್ಲ, ಅವರೂ ತೆಗೆಯುವುದಿಲ್ಲ.

ಕಳೆದ ವರ್ಷ ಬೇರೆ ದೇಶದ ಒಂದು ತಂಡ ಯೋಜನೆಯನ್ನು ವಹಿಸಿಕೊಳ್ಳಲು ಮುಂದೆ ಬಂತು. ಒಳ್ಳೆಯವರು, ನನ್ನ ನಿಯಮವನ್ನೂ ಉಳಿಸಿಕೊಳ್ಳುತ್ತೇವೆ ಎಂದರು. ಅವರು ಕಳಿಸಿದ ಫಾರ್ಮಿನಲ್ಲಿ, ಬಿಡಲು ಕಾರಣವೇನು ಎಂಬ ಒಂದು ಖಾಲಿ ಜಾಗವಿತ್ತು. ಸಮಯವಿಲ್ಲ ಎಂದು ಬರೆದೆ. ಅದು ನಿಜವಲ್ಲ. ಶನಿವಾರಗಳೆಲ್ಲ ಈಗ ಖಾಲಿಯೇ ಇವೆ. ಅವ್ವನ ಜೊತೆ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿಗೆ ಹೋಗಿ ಚೀಲ ಹಿಡಿದು ನಿಲ್ಲುತ್ತೇನೆ. ಆ ಕೆಲಸ ಯಾಕೆ ಬಿಟ್ಟಿ ಎಂದು ಅವಳು ಒಂದು ದಿನವೂ ಕೇಳಿಲ್ಲ.