ಸತ್ತಾಂವನ ಮೊಣಕಾಲು

ನಮ್ಮ ಮನೆಯಲ್ಲಿ ಆ ಆಟಕ್ಕೆ ಇದ್ದ ಹೆಸರು ‘ಸತ್ತಾಂವ’. ಅದರ ನಿಜವಾದ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕೆ ಇತ್ತು, ಅವ್ವನ ನಾಲಿಗೆಗೆ ಹತ್ತಲಿಲ್ಲ. ಟಿವಿಯಲ್ಲಿ ಗೋರಿಯೊಳಗಿಂದ ಸತ್ತವನೊಬ್ಬ ಎದ್ದು ಬರುತ್ತಾನೆ, ಅವನನ್ನು ನನ್ನ ತಮ್ಮ ಗುಂಡಿ ಒತ್ತಿ ಆಡಿಸುತ್ತಾನೆ, ಇಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಸತ್ತಾಂವನನ್ನು ಸ್ವಲ್ಪ ನಿಲ್ಲಿಸಿ ಎರಡು ತುತ್ತು ಉಣ್ಣು ಎಂದು ಅಡಿಗೆಮನೆಯಿಂದ ಕೂಗುತ್ತಿದ್ದಳು. ಓಣಿಯವರು ಕೇಳಿಸಿಕೊಂಡರೆ ಏನು ತಿಳಿಯುತ್ತಾರೋ ಎಂದು ನಾನು ಗೊಣಗುತ್ತಿದ್ದೆ.

ತಮ್ಮನಿಗೆ ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತು. ಕಣ್ಣಿಗೆ ಕಾಣದಂಥ ಸ್ಕ್ರೂಗಳನ್ನು ತೆಗೆದು ಹಾಕುವ ಕೈ ಅವನದು. ಮೊದಲು ಮೆಟ್ಟಿಲ ಮೇಲೆ ಕಾಲು ಎಡವತೊಡಗಿತು, ಆಮೇಲೆ ಮನೆಯ ಫರಸಿಕಲ್ಲಿನ ನೆಲದ ಮೇಲೂ. ಮೈಯೊಳಗಿನ ಸ್ನಾಯುಗಳು ಒಂದೊಂದಾಗಿ ಕೈಕೊಡುವ ರೋಗ, ಇದಕ್ಕೆ ಔಷಧ ಇಲ್ಲ ಎಂದು ಹೈದರಾಬಾದಿನಲ್ಲಿ ಹೇಳಿ ಕಳಿಸಿದರು. ಅಂಗಡಿ ಮುಚ್ಚಿತು. ಅವನು ಮುಂದಿನ ಕೋಣೆಯ ಮಂಚ ಹಿಡಿದ. ಜಹೀರಾಬಾದಿನ ಅವನ ಗೆಳೆಯನೊಬ್ಬ ತನ್ನ ಹಳೆಯ ಗೇಮಿನ ಡಬ್ಬಿಯನ್ನು ತಂದು ಟಿವಿಗೆ ಜೋಡಿಸಿ, ಅದರ ರಿಮೋಟನ್ನು ಇವನ ಕೈಯಲ್ಲಿಟ್ಟು, ಚಹಾ ಕೂಡ ಕುಡಿಯದೆ ಹೊರಟುಹೋದ. ನಾನು ತಾಂಡೂರಿನಲ್ಲೇ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತೇನೆ, ಗಂಡನ ಮನೆ ಪಕ್ಕದ ಓಣಿ. ಶಾಲೆ ಬಿಟ್ಟ ಕೂಡಲೇ ತವರಿಗೆ ಹೋಗಿ ಅವನ ಮಂಚದ ಅಂಚಿಗೆ ಕೂತು ಸತ್ತಾಂವನನ್ನು ನೋಡುವುದು ನನ್ನ ದಿನಚರಿಯಾಯಿತು.

ಈ ಸತ್ತಾಂವ ಕೋಟು, ಟೋಪಿ ಹಾಕಿಕೊಂಡ ಮರ್ಯಾದಸ್ಥ. ತನ್ನ ತಿಥಿಯ ಊಟ ನಡೆದಿರುವಾಗಲೇ ಹಸಿವಾಗಿ ಎದ್ದು ಬರುತ್ತಾನೆ. ಅವನು ಜನರನ್ನು ಕಚ್ಚಬೇಕು, ಕಚ್ಚಿಸಿಕೊಂಡವರು ತಾವೂ ಸತ್ತು ಎದ್ದು ಅವನ ಹಿಂದೆ ಬರಬೇಕು, ಅಷ್ಟೇ ಆಟ. ಆದರೆ ಅವನಿಗೆ ಓಡಲು ಬರುವುದಿಲ್ಲ. ಯಾವ ಗುಂಡಿ ಒತ್ತಿದರೂ ಅದೇ ಕುಂಟು ನಡಿಗೆ. ಒಂದು ಗುಂಡಿ ಕ್ಷಮೆ ಕೇಳಲಿಕ್ಕೆಂದೇ ಇತ್ತು. ಅದನ್ನೊತ್ತಿದರೆ ಕಚ್ಚುವ ಮೊದಲು ಟೋಪಿ ತೆಗೆದು ಬಾಗುತ್ತಾನೆ, ಟೋಪಿಯ ಜೊತೆ ತಲೆಯ ಚಿಪ್ಪೂ ಎದ್ದು ಬರುತ್ತದೆ, ಎದುರಿಗಿದ್ದವನು ಚೀರಿಕೊಂಡು ಓಡುತ್ತಾನೆ. ಸಭ್ಯತೆಯಿಂದಾಗಿ ಊಟ ತಪ್ಪುತ್ತದೆ. ತಮ್ಮ ಪ್ರತಿ ಸಲ ಅದನ್ನೇ ಒತ್ತುತ್ತಿದ್ದ. ಹೀಗಾದರೆ ನೀನು ಗೆದ್ದ ಹಾಗೆಯೇ ಎಂದು ನಾನು ಬೈದರೆ, “ಹೇಳಿ ಕಚ್ಚಬೇಕಕ್ಕ. ನನ್ನ ರೋಗನೂ ಹೇಳಿ ಬಂದಿದ್ರ ಛಲೋ ಇತ್ತು” ಅನ್ನುತ್ತಿದ್ದ.

ನಡೆಯುತ್ತ ನಡೆಯುತ್ತ ಸತ್ತಾಂವನ ಕೈ ಕಳಚಿ ಬೀಳುತ್ತಿತ್ತು. ಅದನ್ನು ಎತ್ತಿ ಹಚ್ಚಿಕೊಳ್ಳುವ ಅವಸರದಲ್ಲಿ ಎಡದ್ದು ಬಲಕ್ಕೆ ಹೋದರೆ ಅವನು ನಿಂತಲ್ಲೇ ಗಿರಗಿರ ತಿರುಗುತ್ತಿದ್ದ. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ನಕ್ಕರೆ ತಮ್ಮನಿಗೆ ಕೆಮ್ಮು ಹತ್ತುತ್ತಿತ್ತು, ಕೆಮ್ಮು ಹತ್ತಿದರೆ ನಾನು ಹಿಂದಿನಿಂದ ತಬ್ಬಿ ಎತ್ತಬೇಕಿತ್ತು. ನಗಿಸಬೇಡ ಅವನನ್ನು ಎಂದು ಅವ್ವ ನನಗೇ ಬೈಯುತ್ತಿದ್ದಳು, ಆ ಆಟವನ್ನು ತಯಾರಿಸಿದವಳು ನಾನೇ ಎಂಬಂತೆ.

ಅವಳು ಒಮ್ಮೆ ಮಾತ್ರ ಆಟವನ್ನು ಮೊದಲಿನಿಂದ ನೋಡಿದಳು. ಪರದೆಯ ಮೇಲೆ ಮಣ್ಣು ಅಲುಗಿತು, ಒಂದು ಕೈ ಹೊರಬಂತು, ಆಮೇಲೆ ಉದ್ದಕ್ಕೆ ಮಲಗಿದ್ದ ಆ ಮನುಷ್ಯ ಮೈ ಕೊಡವಿಕೊಂಡು ಎದ್ದ. ಅವ್ವನಿಗೆ ಭಯವಾಗಲಿಲ್ಲ, ಅಸಹ್ಯವೂ ಆಗಲಿಲ್ಲ. ಸೊಪ್ಪು ಸೋಸುತ್ತಲೇ, “ಮಲಗಿಸಿ ಮಣ್ಣ ಕೊಟ್ಟಾರ, ಅದಕ್ಕ ಎದ್ದಾನ. ಕೂಡಿಸಿ ಇಟ್ಟಿದ್ರ ಎಲ್ಲಿ ಏಳತಿದ್ದ” ಅಂದಳು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕುಣಿ ತೋಡಿ, ಚಕ್ಕಳಮಕ್ಕಳ ಹಾಕಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಡುತ್ತೇವೆ. ನಮ್ಮಪ್ಪನೂ ಹಾಗೇ ಕೂತಿದ್ದಾನೆ. ಹೀಗಿರುವಾಗ ಪರದೇಶದವರು ಮಾಡಿದ ಆಟದಲ್ಲಿ ಅವ್ವ ಕಂಡುಹಿಡಿದ ತಪ್ಪು ಇದೊಂದೇ, ಶವಸಂಸ್ಕಾರ ಸರಿಯಾಗಿಲ್ಲ. ತಮ್ಮ ಇದನ್ನು ಗೆಳೆಯರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ನಕ್ಕ.

ಅವನ ಮೊಣಕಾಲುಗಳು ಬಿಗಿಯತೊಡಗಿದ್ದು ಅದೇ ಹೊತ್ತಿಗೆ. ಚಾಚಿದ ಕಾಲು ಚಾಚಿದಂತೆಯೇ ಗಟ್ಟಿಯಾಗುತ್ತಿತ್ತು. ಅವ್ವ ದಿನಾ ಬೆಳಿಗ್ಗೆ ಕುಸುಬೆ ಎಣ್ಣೆ ಬಿಸಿ ಮಾಡಿ, ತಿಕ್ಕಿ, ಒಂದೊಂದೇ ಕಾಲನ್ನು ಮಡಚುತ್ತಿದ್ದಳು. ಅವನು ಹಲ್ಲು ಕಚ್ಚಿಕೊಳ್ಳುತ್ತಿದ್ದ, ಕೆಲವು ದಿನ ಕೂಗಿಬಿಡುತ್ತಿದ್ದ. ತಾಯಿಯ ಆಸೆ, ಮಗ ಇನ್ನೊಮ್ಮೆ ನಡೆದಾನು ಅಂತ ಅವಳಿಗೆ ಅನಿಸುತ್ತಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ.

ಜಹೀರಾಬಾದಿನಲ್ಲಿ ಕೈಕಾಲಿಗೆ ಕಸರತ್ತು ಮಾಡಿಸುವ ಡಾಕ್ಟರಮ್ಮ ಒಬ್ಬಳಿದ್ದಳು. ಗೆಳೆಯನ ಕಾರಿನಲ್ಲಿ ಅವನನ್ನು ಅಲ್ಲಿಗೆ ಕರೆದೊಯ್ದೆವು. ಒಳ್ಳೆಯ ಹುಡುಗಿ, ತೆಲುಗಿನಲ್ಲಿ ಮೆತ್ತಗೆ ಮಾತಾಡುತ್ತಿದ್ದಳು. ಉಸಿರಾಟಕ್ಕೆ ಏನು ಮಾಡಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ಹೊರಳಿಸಬೇಕು ಎಂದೆಲ್ಲ ತೋರಿಸಿದಳು. ಅವ್ವನಿಗೆ ಅದಾವುದೂ ಬೇಕಿರಲಿಲ್ಲ. ಮೊಣಕಾಲು ಪೂರ್ತಿ ಮಡಚುವುದೋ ಇಲ್ಲವೋ, ಚಕ್ಕಳಮಕ್ಕಳ ಹಾಕಲು ಬರುವುದೋ ಇಲ್ಲವೋ ಎಂದು ತನ್ನ ಅರ್ಧ ಕನ್ನಡದ ತೆಲುಗಿನಲ್ಲಿ ಮತ್ತೆ ಮತ್ತೆ ಕೇಳಿದಳು. ಮಗ ನೆಲದ ಮೇಲೆ ಕೂತು ಊಟ ಮಾಡಲಿ ಎಂಬ ಆಸೆ ಇರಬೇಕು ಎಂದು ಡಾಕ್ಟರಮ್ಮ ತಿಳಿದಳು. ಕುರ್ಚಿ ಇದೆಯಲ್ಲ ಅಮ್ಮಾ, ನೆಲದ ಮೇಲೆ ಯಾಕೆ ಕೂರಬೇಕು, ಸುಮ್ಮನೆ ನೋವು ಕೊಡಬೇಡಿ ಎಂದಳು. ಅವ್ವ ತಲೆ ತಗ್ಗಿಸಿ, “ಕೂಡಾಕ ಬರ್ಬೇಕರಿ” ಎಂದು ಕನ್ನಡದಲ್ಲೇ ಅಂದಳು.

ಆಗ ನನಗೆ ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಉರಿದುಹೋಯಿತು. ಜೀವ ಇರುವ ಮಗನ ಕಾಲನ್ನು ಇವಳು ದಿನಾ ಬೆಳಿಗ್ಗೆ ಕುಣಿಯ ಅಳತೆಗೆ ಮಡಚುತ್ತಿದ್ದಾಳೆ. ವಾಪಸು ಬರುವಾಗ ದಾರಿಯುದ್ದಕ್ಕೂ ತೊಗರಿ ಹೊಲ. ಮುಂದಿನ ಸೀಟಿನಲ್ಲಿ ತಮ್ಮ ಗೆಳೆಯನ ಜೊತೆ ಆಟದ ಮಾತಾಡುತ್ತಿದ್ದ. ನಾನು ಹಿಂದೆ ಅವ್ವನ ಪಕ್ಕದಲ್ಲಿ ಕೂತು ಒಂದೂ ಮಾತಾಡಲಿಲ್ಲ. ಏನಾದರೂ ಅಂದರೆ ಅವನಿಗೆ ಕೇಳಿಸುತ್ತಿತ್ತು.

ಅವಳ ಭಯ ಎಲ್ಲಿಯದು ಎಂದು ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಅವಳ ತವರು ನಾರಾಯಣಖೇಡ್. ಅಲ್ಲಿ ಅವಳ ಅಣ್ಣ ಬಹಳ ಕಾಲ ಪಾರ್ಶ್ವವಾಯುವಿನಿಂದ ಮಲಗಿದ್ದು ತೀರಿಕೊಂಡ. ಸೆಟೆದ ಕಾಲು ಮಡಚದೆ, ಗಂಡಸರು ಸೇರಿ ಬಲವಂತ ಮಾಡಿ ಕೂಡಿಸಿದರು. ಮೂಳೆ ಲಟಕ್ ಅಂದದ್ದು ಅಂಗಳದಲ್ಲಿದ್ದ ಹೆಂಗಸರಿಗೆಲ್ಲ ಕೇಳಿಸಿತಂತೆ. ಅದರ ಮೇಲೆ ಮಂದಿ ಆಡಿಕೊಂಡದ್ದು ಬೇರೆ, ಯಾವ ಪಾಪಕ್ಕೆ ಲಿಂಗವಂತನಿಗೆ ಹೀಗಾಯಿತು ಅಂತ. ಮಂದಿಯ ಬಾಯಿಗೆ ಹೆದರಿ ಇವಳು ಹೀಗೆ ಮಾಡುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ, ಅವಳ ಮೇಲೆ ಒಳಗೊಳಗೇ ಕುದಿಯುತ್ತಿದ್ದೆ. ಬಿಡಿಸಿ ಕೇಳಲು ಮಾತ್ರ ಬಾಯಿ ಬರಲಿಲ್ಲ. ಕೇಳಬೇಕೆಂದರೆ, ತಮ್ಮ ಸಾಯುತ್ತಾನೆ ಎಂಬ ಮಾತನ್ನು ಮೊದಲು ನಾನೇ ಆಡಬೇಕಿತ್ತು.

ಚಳಿಗಾಲದ ಹೊತ್ತಿಗೆ ತಮ್ಮನ ಹೆಬ್ಬೆರಳುಗಳೂ ಸೋತವು. ರಿಮೋಟು ನನ್ನ ಕೈಗೆ ಬಂತು. ಅವನು ಹೇಳಬೇಕು, ನಾನು ಒತ್ತಬೇಕು. ಎಡಕ್ಕೆ ಅಂದರೆ ನಾನು ಬಲಕ್ಕೆ, ನಿಲ್ಲು ಅಂದರೆ ಕಚ್ಚು. ನಾನು ಆಡಿಸುವ ಸತ್ತಾಂವ ಗೋಡೆಗೆ ಮುಖ ಕೊಟ್ಟು ಅಲ್ಲೇ ಹೆಜ್ಜೆ ಹಾಕುತ್ತಿದ್ದ. ಕೈ ಬಿದ್ದರೆ ನನಗೆ ಎತ್ತಿಸಲು ಬರುತ್ತಿರಲಿಲ್ಲ. ತಮ್ಮ ಮೊದಮೊದಲು ನಗುತ್ತಿದ್ದ, ಆಮೇಲೆ ರೇಗುತ್ತಿದ್ದ, ಕೊನೆಗೆ ರೇಗಲೂ ಉಸಿರು ಸಾಲದೆ ಸುಮ್ಮನೆ ನೋಡುತ್ತಿದ್ದ. ನನಗೆ ಅಳು ಬರುತ್ತಿತ್ತು. ಇಡೀ ತರಗತಿಯನ್ನು ಹದ್ದುಬಸ್ತಿನಲ್ಲಿಡುವ ನನಗೆ, ಒಬ್ಬ ಸತ್ತವನನ್ನು ಬಾಗಿಲು ದಾಟಿಸಲು ಆಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಅವ್ವ ಸಂತೆಗೆ ಹೋಗಿದ್ದಾಗ, ಆಟ ನಿಲ್ಲಿಸು ಅಂದ. ನಾನು ನಿಲ್ಲಿಸಿದೆ. ಅವನು ಬಹಳ ಹೊತ್ತು ಮಾತನ್ನು ಕೂಡಿಸಿಕೊಂಡ.

“ಅವ್ವ ಕಾಲ ಯಾಕ ಮಡಚ್ತಾಳ, ನನಗ ಗೊತ್ತದ ಅಕ್ಕ.”

ನಾನು ಏನೂ ಗೊತ್ತಿಲ್ಲದವಳಂತೆ ಮುಖ ಮಾಡಿದೆ. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ಭಾಳ ಬ್ಯಾನಿ ಆಗ್ತದ. ಬಿಡಸು. ಮಲಗಿಸೇ ಮಣ್ಣ ಕೊಡ್ರಿ ನನಗ. ಎದ್ದು ಬಂದ್ರ ಬರ್ತೀನಿ.”

ಎಂದಿನಂತೆ ತಮಾಷೆಯ ಧಾಟಿಯಲ್ಲೇ ಅಂದ. ಆದರೆ ಅವನು ಈವರೆಗೆ ನನ್ನಿಂದ ಏನನ್ನೂ ಬೇಡಿದವನಲ್ಲ. ನೀರು ಬೇಕಾದರೂ ನಾವಾಗಿ ಕೇಳುವ ತನಕ ಕಾಯುತ್ತಿದ್ದ. ಹೇಳುತ್ತೇನೆ ಎಂದು ನಾನು ಮಾತು ಕೊಟ್ಟೆ.

ಮಾತು ಕೊಟ್ಟದ್ದೇನೋ ಸುಲಭವಾಯಿತು. ಅವ್ವನಿಗೆ ಹೇಳುವುದು ದಿನದಿಂದ ದಿನಕ್ಕೆ ಮುಂದೆ ಹೋಯಿತು. ಅವಳು ರೊಟ್ಟಿ ಬಡಿಯುವಾಗ ಹೇಳೋಣ ಎಂದುಕೊಂಡೆ, ಪೂಜೆಗೆ ಕೂತಾಗ ಬೇಡ ಎಂದುಕೊಂಡೆ. ಈ ನಡುವೆ ಬೆಳಗಿನ ಎಣ್ಣೆ ನಿಲ್ಲಲಿಲ್ಲ. ಅವನು ನನ್ನತ್ತ ನೋಡುತ್ತಿದ್ದ, ನಾನು ಕಿಟಕಿಯತ್ತ ನೋಡುತ್ತಿದ್ದೆ. ಕಡೆಗೆ ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ಅವನು ನೋವು ತಡೆಯದೆ ಕೂಗಿದ. ನಾನು ಓಡಿಹೋಗಿ ಅವ್ವನ ಕೈ ಹಿಡಿದುಕೊಂಡೆ. ಸಾಕು ಮಾಡು, ಅವನಿಗೆ ಎಲ್ಲಾ ಗೊತ್ತಿದೆ, ಮಂದಿ ಏನಾದರೂ ಅಂದುಕೊಳ್ಳಲಿ, ನಾವು ಮಲಗಿಸಿಯೇ ಮಾಡೋಣ, ಎಂದೆ. ಅಂದುಬಿಟ್ಟು ಮಂಚದ ಅಂಚಿಗೆ ಕೂತೆ.

ಅವ್ವ ಅಳುತ್ತಾಳೆ, ಇಲ್ಲವೇ ನನಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು. ನನ್ನ ಕಡೆ ತಿರುಗಲೂ ಇಲ್ಲ, ಅವನಿಗೇ ಹೇಳಿದಳು.

“ಮಂದಿ ಮಾತ ಯಾವಾಕಿ ಕೇಳ್ತಾಳ. ಇಷ್ಟು ದಿನ ಮಲಗೇ ಇದ್ದಿ ನನ್ನಪ್ಪಾ. ಅಲ್ಲಿ ಹೋಗಿನೂ ಮಲಗೇ ಇರ್ತಿ ಅಂದ್ರ ನನ್ನ ಕೈಲೆ ತಡಿಯಾಕ ಆಗಂಗಿಲ್ಲ. ಅಲ್ಲಿಯಾದ್ರೂ ನೀ ಕೂತಿರ್ಬೇಕು.”

ತಮ್ಮ ಸೂರನ್ನೇ ನೋಡುತ್ತಿದ್ದ. ಅವನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಅವನಿಗೆ ಕೈ ಏಳುತ್ತಿರಲಿಲ್ಲ. ನಾನು ಒರೆಸಿದೆ. ಯಾರ ಪರ ಮಾತಾಡಬೇಕೆಂದು ನನಗೆ ತಿಳಿಯಲಿಲ್ಲ. ಅವ್ವ ಅವನ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಎಣ್ಣೆಯ ಬಟ್ಟಲು ತೆಗೆದುಕೊಂಡು ಏಳಲು ಹೋದಳು.

“ಅಕ್ಕ, ಹಿಮ್ಮಡ ಹಿಡಿ. ಅವ್ವಗ ಒಬ್ಬಾಕಿಗಿ ಆಗಂಗಿಲ್ಲ” ಅಂದ ತಮ್ಮ.

ನಾನು ಹಿಡಿದೆ. ಅವ್ವ ಬಟ್ಟಲು ಇಟ್ಟು ಮೊಣಕಾಲಿನ ಕೆಳಗೆ ಕೈ ಕೊಟ್ಟಳು. ಕಾಲು ಅರ್ಧದವರೆಗೆ ಮಡಚಿತು, ಅಲ್ಲಿಗೆ ನಿಂತಿತು. ಅವ್ವ ಇನ್ನೂ ಸ್ವಲ್ಪ ಒತ್ತಿದಳು, ನಾನೂ ಒತ್ತಿದೆ. ಅವನು ಕೂಗಲಿಲ್ಲ.